ತಂತಿಯ ಮೇಲೆ ಕೂರದ ಹಕ್ಕಿ

ಸಂಜೆ ಒಣಗಿದ ಬಟ್ಟೆ ತೆಗೆಯಲು ತಾರಸಿಗೆ ಹೋದಾಗ ಒಮ್ಮೆ ತಲೆಯೆತ್ತಿ ನೋಡಿ. ಮಸೀದಿಯ ಮಿನಾರದ ಸುತ್ತಲೋ ಹಳೆಯ ಕಟ್ಟಡದ ಮೇಲೋ ಕಪ್ಪು ಹಕ್ಕಿಗಳ ಗುಂಪೊಂದು ಕಿರುಚುತ್ತಾ ಗಿರಗಿರನೆ ಸುತ್ತುತ್ತಿರಬಹುದು. ‘ಗುಬ್ಬಚ್ಚಿ ಇರಬೇಕು’ ಎಂದು ನೀವು ಸುಮ್ಮನಾಗಿರಬಹುದು. ಅದು ಗುಬ್ಬಚ್ಚಿಯಲ್ಲ, ಸ್ವಿಫ್ಟ್. ಉರ್ದು ಮಾತಾಡುವ ಮನೆಗಳಲ್ಲಿ ಹಿರಿಯರು ಇದನ್ನೂ ಇದನ್ನು ಹೋಲುವ ಕವಲುತೋಕೆ ಹಕ್ಕಿಯನ್ನೂ ‘ಅಬಾಬೀಲ್’ ಎಂದೇ ಕರೆಯುತ್ತಾರೆ. ಅರಬಿಯಲ್ಲಿ ಆ ಪದಕ್ಕೆ ‘ಗುಂಪು ಗುಂಪಾಗಿ’ ಎಂಬ ಅರ್ಥವಿದೆ.

ಹಾಗಾದರೆ ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ? ಬಹಳ ಸುಲಭ. ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕುಳಿತಿದ್ದರೆ ಅದು ಕವಲುತೋಕೆ. ಸ್ವಿಫ್ಟ್ ಎಂದೂ ತಂತಿಯ ಮೇಲೆ ಕೂರುವುದಿಲ್ಲ. ಅದರ ಕಾಲುಗಳು ಬಹಳ ಗಿಡ್ಡ. ಗೋಡೆಗೆ ಉಗುರೂರಿ ನೇತಾಡಲು ಮಾತ್ರ ಅವು ಸಾಕು. ರೆಕ್ಕೆಗಳು ಕುಡುಗೋಲಿನಂತೆ ಬಾಗಿರುತ್ತವೆ. ಊರಿನಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಸ್ವಿಫ್ಟ್‌ಗೆ ಗಂಟಲು ಮತ್ತು ಬಾಲದ ಬುಡ ಬೆಳ್ಳಗೆ, ಉಳಿದ ಮೈಯೆಲ್ಲ ಕಪ್ಪು. ಬಾಲ ಗಿಡ್ಡವಾಗಿ ಕತ್ತರಿಸಿದಂತಿರುತ್ತದೆ. ತಾಳೆ ಮರಗಳ ಬಳಿ ಹಾರುವ, ಬಿಳಿ ಪಟ್ಟಿಯಿಲ್ಲದ, ಕವಲು ಬಾಲದ ತೆಳ್ಳನೆಯ ಹಕ್ಕಿ ತಾಳೆ ಸ್ವಿಫ್ಟ್.

ಇದರ ಸಂಸಾರವೂ ವಿಚಿತ್ರ. ಗಾಳಿಯಲ್ಲಿ ತೇಲಿಬರುವ ಗರಿ, ಹುಲ್ಲನ್ನು ಹಾರುತ್ತಲೇ ಹಿಡಿದು, ತನ್ನ ಜೊಲ್ಲಿನಿಂದ ಅಂಟಿಸಿ ಸೂರಿನಡಿಯಲ್ಲಿ ಗೂಡು ಕಟ್ಟುತ್ತದೆ. ಮೊಟ್ಟೆ ಮರಿಗಳ ಕಾಲ ಮುಗಿದರೂ ರಾತ್ರಿ ಮಲಗಲು ಅದೇ ಗೂಡಿಗೆ ಮರಳುತ್ತದೆ. ಇದರ ಆಹಾರ ಹಾರುವ ಕೀಟಗಳು. ನೀರು ಕುಡಿಯುವುದೂ ಹಾರುತ್ತಲೇ. ಯುರೋಪಿನಲ್ಲಿ ಮರಿ ಮಾಡುವ ಇದರ ಬಂಧುವೊಂದು ಹತ್ತು ತಿಂಗಳು ಬಹುಪಾಲು ಆಕಾಶದಲ್ಲೇ ಕಳೆಯುತ್ತದೆ, ಕೆಲವು ಹಕ್ಕಿಗಳು ಒಮ್ಮೆಯೂ ಇಳಿಯಲಿಲ್ಲ ಎಂದು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2016ರಲ್ಲಿ ತಿಳಿಸಿದರು.

ಇಂತಹ ಹಕ್ಕಿಗೆ ನೆಲವೇ ದೊಡ್ಡ ಅಪಾಯ. ಮಳೆಗೋ ಗೋಡೆಗೆ ಬಡಿದೋ ಅಂಗಳಕ್ಕೆ ಬಿದ್ದರೆ ಮತ್ತೆ ಮೇಲೇಳಲು ಒದ್ದಾಡುತ್ತದೆ. ರೆಕ್ಕೆ ಮುರಿದಿದೆ ಎಂದು ನಾವು ಅಲ್ಲೇ ಬಿಟ್ಟುಬಿಡುತ್ತೇವೆ. ಅಷ್ಟರಲ್ಲಿ ಬೆಕ್ಕು ಬಂದಿರುತ್ತದೆ. ಮಕ್ಕಳು ‘ಹಾರಲಿ’ ಎಂದು ಮೇಲಕ್ಕೆ ಎಸೆಯುವುದೂ ಉಂಟು. ದಯವಿಟ್ಟು ಹಾಗೆ ಮಾಡಬೇಡಿ, ಎಸೆದರೆ ಬಿದ್ದು ಇನ್ನಷ್ಟು ಪೆಟ್ಟಾಗುತ್ತದೆ. ರಂಧ್ರ ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಮೆತ್ತನೆಯ ಬಟ್ಟೆ ಹಾಸಿ ಕತ್ತಲಲ್ಲಿ ಸ್ವಲ್ಪ ಹೊತ್ತು ಇಡಿ. ಬಾಯಿಗೆ ನೀರು ಸುರಿಯಬೇಡಿ, ಅನ್ನ, ಹಾಲು, ಬ್ರೆಡ್ ಕೊಡಬೇಡಿ. ಚೇತರಿಸಿಕೊಂಡ ಬೆಳೆದ ಹಕ್ಕಿಯನ್ನು ಬಯಲಿನಲ್ಲಿ ಅಂಗೈ ಮೇಲಿಟ್ಟು ಎತ್ತಿ ಹಿಡಿದರೆ ತಾನಾಗಿಯೇ ಹಾರಿ ಹೋಗಬಹುದು. ಗಾಯವಾಗಿದ್ದರೆ, ಮರಿಯಾಗಿದ್ದರೆ ಅಥವಾ ಹಾರದಿದ್ದರೆ ಪಶುವೈದ್ಯರನ್ನೋ ಪಕ್ಷಿ ರಕ್ಷಕರನ್ನೋ ಕೇಳಿ.

ಇನ್ನೊಂದು ಮಾತು. ಹಬ್ಬಕ್ಕೋ ಮದುವೆಗೋ ಸುಣ್ಣ ಬಣ್ಣ ಮಾಡಿಸುವಾಗ ಸೂರಿನ ಗೂಡುಗಳನ್ನು ಕೋಲಿನಿಂದ ಕೆಡವುವುದು ನಮಗೆ ‘ಸ್ವಚ್ಛತೆ’. ಒಳಗೆ ಮರಿಗಳಿದ್ದರೆ ಅವುಗಳಿಗೆ ಅದು ಸಾವು. ಕೆಲಸದವರು ಏಣಿ ಹತ್ತುವ ಮೊದಲು ಹಕ್ಕಿಗಳು ಗೂಡಿಗೆ ಬಂದು ಹೋಗುತ್ತಿವೆಯೇ ಎಂದು ನೀವೇ ಒಂದಿಷ್ಟು ಹೊತ್ತು ಗಮನಿಸಿ. ಬರುತ್ತಿದ್ದರೆ ಆ ಮೂಲೆಯೊಂದನ್ನು ಹಾಗೆಯೇ ಬಿಡಿಸಿ. ಒಂದು ಮೂಲೆ ಬಣ್ಣ ಕಾಣದಿದ್ದರೆ ಮನೆಯ ಅಂದವೇನೂ ಕೆಡದು. ಸಂಜೆ ನಿಮ್ಮ ತಾರಸಿಯ ಮೇಲಿನ ಆಕಾಶವಂತೂ ಬರಿದಾಗದು.