ಕಾವಲಿನ ಕಣ್ಣಿಗೆ ಕಾಣುವುದೆಷ್ಟು?

ಹಸುವಿನ ಕರು ಹುಟ್ಟಿದ ಒಂದೆರಡು ಗಂಟೆಗಳಲ್ಲಿಯೇ ಎದ್ದು ನಿಂತು ತಾಯಿಯ ಕೆಚ್ಚಲನ್ನು ಹುಡುಕುತ್ತದೆ. ಮನುಷ್ಯನ ಮಗುವಿಗೆ ಎದ್ದು ನಡೆಯುವುದಕ್ಕೇ ಸುಮಾರು ಒಂದು ವರ್ಷ ಬೇಕು. ತನ್ನ ಹಿತಾಹಿತಗಳನ್ನು ತಾನೇ ತೂಗಿ ನೋಡುವ ಶಕ್ತಿ ಬರುವುದಕ್ಕೆ ಎರಡು ದಶಕಗಳೇ ಬೇಕು. ಇಷ್ಟು ದೀರ್ಘವಾದ ಬಾಲ್ಯಕ್ಕೆ ಅಷ್ಟೇ ದೀರ್ಘವಾದ ಕಾವಲೂ ಬೇಕಾಗುವುದು ಸಹಜ. ಮಗು ಅಂಗಳದಲ್ಲಿ ಆಡುವಾಗ ತಾಯಿಯ ಕಣ್ಣು, ಬೀದಿಗೆ ಇಳಿದಾಗ ನೆರೆಹೊರೆಯವರ ಕಣ್ಣು, ಶಾಲೆಗೆ ಹೋದಾಗ ಉಪಾಧ್ಯಾಯರ ಕಣ್ಣು ಅದರ ಮೇಲೆ ಇರುತ್ತಿದ್ದುವು.

ಈಗ ಹದಿಹರೆಯದವರ ಅಂಗಳವೂ ಬೀದಿಯೂ ಅಂಗೈಯಗಲದ ಮೊಬೈಲಿನೊಳಗೆ ಸೇರಿಕೊಂಡಿವೆ. ಮಗ ನಡುಮನೆಯಲ್ಲಿಯೇ ಕುಳಿತಿರುತ್ತಾನೆ. ಆದರೆ ಅವನು ಯಾರೊಡನೆ ಮಾತನಾಡುತ್ತಿದ್ದಾನೆಂಬುದು ಪಕ್ಕದಲ್ಲಿ ಕುಳಿತ ತಂದೆಗೆ ತಿಳಿಯದು. ಆದುದರಿಂದಲೇ, ಸಾಮಾಜಿಕ ಜಾಲತಾಣಗಳಲ್ಲಿ ಮಕ್ಕಳು ಮಾಡುವುದನ್ನೆಲ್ಲ ತಾಯ್ತಂದೆಯರು ನೋಡುತ್ತಿರಬಹುದೆ ಎಂಬ ಪ್ರಶ್ನೆ ಮನೆಮನೆಯಲ್ಲಿಯೂ ಎದ್ದಿದೆ. ಹಿರಿಯರು ಅದನ್ನು ಕರ್ತವ್ಯವೆನ್ನುತ್ತಾರೆ, ಕಿರಿಯರು ಅಪನಂಬಿಕೆಯೆನ್ನುತ್ತಾರೆ. ಯಾವುದಾದರೊಂದು ಪಕ್ಷವನ್ನು ಹಿಡಿಯುವುದಕ್ಕೆ ಮುಂಚೆ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ವಯಸ್ಸಿಗೆ ಕಾವಲು ಏಕೆ ಬೇಕು? ಕಾವಲಿನ ಉಪಕರಣಗಳಿಗೆ ಕಾಣುವುದೇನು? ಮಕ್ಕಳ ವಿಷಯ ತಾಯ್ತಂದೆಯರಿಗೆ ನಿಜವಾಗಿ ತಿಳಿದುಬರುವುದು ಹೇಗೆ?

ಗೆಳೆಯರ ಎದುರಿನಲ್ಲಿ ಮಿದುಳು

ಮಿದುಳಿನ ಎಲ್ಲ ಭಾಗಗಳೂ ಏಕಕಾಲದಲ್ಲಿ ಬಲಿಯುವುದಿಲ್ಲ. ಮೆಚ್ಚುಗೆ, ಸುಖ, ಬಹುಮಾನಗಳಿಗೆ ಸ್ಪಂದಿಸುವ ಒಳಭಾಗಗಳು ಹದಿಹರೆಯದ ಮೊದಲ ವರ್ಷಗಳಲ್ಲಿಯೇ ಚುರುಕಾಗುತ್ತವೆ. ಆಸೆಗೆ ಕಡಿವಾಣ ಹಾಕಿ ಮುಂದಾಗುವುದನ್ನು ಯೋಚಿಸುವ ಭಾಗ ಹಣೆಯ ಹಿಂದೆ ಇದೆ; ಅದು ಇಪ್ಪತ್ತು ವರ್ಷ ದಾಟಿದ ಮೇಲೆಯೂ ಬೆಳೆಯುತ್ತಿರುತ್ತದೆ. ಎತ್ತುಗಳು ಓಡತೊಡಗಿವೆ, ಹಗ್ಗ ಹಿಡಿದ ಕೈ ಇನ್ನೂ ಪಳಗಿಲ್ಲ ಎಂಬಂತಹ ಸ್ಥಿತಿಯಿದು.

ಇದರ ಪರಿಣಾಮವನ್ನು ಅಮೆರಿಕದ ಮನೋವಿಜ್ಞಾನಿಗಳಾದ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ೨೦೦೫ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಸ್ಪಷ್ಟಪಡಿಸುತ್ತದೆ. ಕಂಪ್ಯೂಟರಿನ ತೆರೆಯ ಮೇಲೆ ಮೋಟಾರು ಕಾರನ್ನು ನಡೆಸುವ ಆಟವನ್ನು ೩೦೬ ಜನರಿಗೆ ಆಡಲು ಕೊಟ್ಟರು. ಹಳದಿ ದೀಪ ಹತ್ತಿದ ಮೇಲೆಯೂ ಮುಂದುವರಿದಷ್ಟು ಅಂಕಗಳು ಹೆಚ್ಚುತ್ತವೆ. ಆದರೆ ಯಾವ ಕ್ಷಣದಲ್ಲಾದರೂ ಅಪಘಾತವಾಗಿ ಗಳಿಸಿದ್ದೆಲ್ಲ ಹೋಗಬಹುದು. ಕೆಲವರು ಒಬ್ಬರೇ ಆಡಿದರು, ಕೆಲವರು ಓರಗೆಯವರ ಎದುರಿನಲ್ಲಿ ಆಡಿದರು. ಓರಗೆಯವರು ನೋಡುತ್ತಿದ್ದಾಗ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವ ಪ್ರವೃತ್ತಿ ಹದಿಹರೆಯದವರಲ್ಲಿ ಬಹುವಾಗಿ ಹೆಚ್ಚಿತು. ಇಪ್ಪತ್ತನಾಲ್ಕು ದಾಟಿದವರಲ್ಲಿ ಅಂತಹ ಏರಿಕೆ ಕಾಣಲಿಲ್ಲ. ಅಪಾಯವನ್ನು ತಿಳಿಯದಿರುವುದಕ್ಕಿಂತ, ಗೆಳೆಯರ ಕಣ್ಣಿಗೆ ಬೀಳುವ ಆಸೆಯೇ ಇಲ್ಲಿ ಬಲವಾಗಿ ಕೆಲಸ ಮಾಡಿತೆಂದು ತೋರುತ್ತದೆ.

ಜಾಲತಾಣದಲ್ಲಿ ಗೆಳೆಯರ ಕಣ್ಣು ಎಂದೂ ಮುಚ್ಚುವುದಿಲ್ಲ. ಅಲ್ಲಿ ಮೆಚ್ಚುಗೆಯನ್ನು ಸಂಖ್ಯೆಯಲ್ಲಿ ಎಣಿಸಿ ತೋರಿಸುತ್ತಾರೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾರೆನ್ ಶರ್ಮನ್ ಮತ್ತು ಅವರ ಸಹೋದ್ಯೋಗಿಗಳು ೧೩ರಿಂದ ೧೮ ವರ್ಷದ ೩೨ ಜನರಿಗೆ ಇನ್‌ಸ್ಟಾಗ್ರಾಮಿನ ಮಾದರಿಯಲ್ಲಿ ಚಿತ್ರಗಳನ್ನು ತೋರಿಸಿ, ಅದೇ ಸಮಯದಲ್ಲಿ ಅವರ ಮಿದುಳನ್ನು ಪರೀಕ್ಷಿಸಿದರು. ಪ್ರತಿ ಚಿತ್ರದ ಕೆಳಗಿದ್ದ ಲೈಕುಗಳ ಸಂಖ್ಯೆಯನ್ನು ಸಂಶೋಧಕರೇ ಹಾಕಿದ್ದರು. ನೋಡುವವರಿಗೆ ಅದು ತಿಳಿದಿರಲಿಲ್ಲ. ೨೦೧೬ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಮ್ಮ ಚಿತ್ರಕ್ಕೆ ಲೈಕುಗಳು ಹೆಚ್ಚಾಗಿರುವುದನ್ನು ಕಂಡಾಗ ಬಹುಮಾನಕ್ಕೆ ಸ್ಪಂದಿಸುವ ಮಿದುಳಿನ ಭಾಗ ಹೆಚ್ಚು ಚುರುಕಾಯಿತು. ಇತರರ ಚಿತ್ರಗಳಲ್ಲಿಯೂ ಹೆಚ್ಚು ಲೈಕುಗಳಿದ್ದುವನ್ನೇ ಅವರು ಮೆಚ್ಚಿದರು. ಸಿಗರೇಟು, ಮದ್ಯ ಮೊದಲಾದುವುಗಳ ಚಿತ್ರಗಳನ್ನು ನೋಡುವಾಗ ಸಂಯಮಕ್ಕೆ ಸಂಬಂಧಿಸಿದ ಭಾಗಗಳ ಚಟುವಟಿಕೆ ತಗ್ಗಿತು. ಮೂವತ್ತೆರಡು ಜನರ ಪರೀಕ್ಷೆಯಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಲಾಗದು. ಆದರೂ ಈ ವಯಸ್ಸಿನಲ್ಲಿ ಹಿರಿಯರ ನೆರವು ಬೇಕೆಂಬ ಮಾತು ಬರಿಯ ಹಳೆಯ ಕಾಲದ ಹಟವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಉಪಕರಣಗಳ ಮಿತಿ

ಒಂದು ಸಂದೇಶವನ್ನು ಮೂರನೆಯವರು ನೋಡಬೇಕಾದರೆ ಮೂರು ಸ್ಥಳಗಳಿವೆ: ಅದು ಸಾಗುವ ದಾರಿ, ಅದನ್ನು ಸಾಗಿಸುವ ಕಂಪೆನಿ, ಅದನ್ನು ಬರೆಯುವ ಅಥವಾ ಓದುವ ಫೋನು.

ದಾರಿಯಲ್ಲಿ ನೋಡುವುದು ಈಗ ಬಹುಮಟ್ಟಿಗೆ ನಿಷ್ಫಲ. ಮನೆಯ ವೈಫೈ ಪೆಟ್ಟಿಗೆಯ ಮೂಲಕ, ಮಗಳು ಯಾವ ತಾಣಕ್ಕೆ ಹೋದಳು, ಸುಮಾರು ಎಷ್ಟು ಹೊತ್ತು ಇದ್ದಳು ಎಂಬುದು ತಿಳಿಯಬಹುದು. ಅಲ್ಲಿ ಏನನ್ನು ಓದಿದಳೆಂಬುದು ತಿಳಿಯದು. ವಾಟ್ಸಾಪಿನಲ್ಲಿಯಂತೂ ೨೦೧೬ರಲ್ಲಿ ಎಲ್ಲ ಸಂದೇಶಗಳಿಗೂ ತುದಿಯಿಂದ ತುದಿಯವರೆಗಿನ ಗೂಢಲಿಪಿಯನ್ನು ಅಳವಡಿಸಲಾಯಿತು. ಇದರ ತತ್ತ್ವವನ್ನು ಒಂದು ಹೋಲಿಕೆಯಿಂದ ತಿಳಿಯಬಹುದು. ನಾವು ತೆರೆದ ಬೀಗವೊಂದನ್ನು ಗೆಳೆಯನಿಗೆ ಕಳುಹಿಸಿ, ಕೀಲಿಕೈಯನ್ನು ನಮ್ಮಲ್ಲಿಯೇ ಇಟ್ಟುಕೊಂಡೆವೆನ್ನೋಣ. ಅವನು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು, ಆ ಬೀಗವನ್ನು ಅದುಮಿ ಹಾಕಿ ಕಳುಹಿಸುತ್ತಾನೆ. ದಾರಿಯಲ್ಲಿ ಪೆಟ್ಟಿಗೆಯನ್ನು ಹೊತ್ತವನಿಗೂ, ಬೀಗ ಹಾಕಿದವನಿಗೂ ಅದನ್ನು ತೆರೆಯಲು ಬಾರದು. ಹೀಗಾಗಿ ಸಾಗಿಸುವ ಕಂಪೆನಿಗೇ ಸಂದೇಶದ ಒಳಗು ಕಾಣಿಸುವುದಿಲ್ಲ.

ಕಂಪೆನಿಗಳು ತಾಯ್ತಂದೆಯರಿಗೆ ಕೊಡುವ ಸೌಲಭ್ಯ ಬೇರೆ ಬಗೆಯದು. ಇನ್‌ಸ್ಟಾಗ್ರಾಮು ೨೦೨೪ರ ಸೆಪ್ಟೆಂಬರಿನಲ್ಲಿ ಹದಿಹರೆಯದವರಿಗೆ ಪ್ರತ್ಯೇಕ ಖಾತೆಗಳನ್ನು ಪ್ರಕಟಿಸಿತು. ೨೦೨೫ರಲ್ಲಿ ಅವು ಭಾರತಕ್ಕೂ ಬಂದುವು. ಅದರ ಏರ್ಪಾಟಿನಲ್ಲಿ, ಮಗುವು ಹಿಂದಿನ ಏಳು ದಿನಗಳಲ್ಲಿ ಯಾರೊಡನೆ ಮಾತನಾಡಿತೆಂಬುದನ್ನು ತಾಯ್ತಂದೆಯರು ನೋಡಬಹುದು. ಏನು ಮಾತನಾಡಿತೆಂಬುದನ್ನು ಓದುವಂತಿಲ್ಲ. ದಿನಕ್ಕೆ ಎಷ್ಟು ಹೊತ್ತೆಂಬುದನ್ನು ಮಿತಿಗೊಳಿಸಬಹುದು. ಇದೂ ಆ ಖಾತೆ ಹಿರಿಯರಿಗೆ ತಿಳಿದಿದ್ದರೆ ಮಾತ್ರ. ಎರಡನೆಯ ಹೆಸರಿನಲ್ಲಿ ಮತ್ತೊಂದು ಖಾತೆಯನ್ನು ತೆರೆಯುವುದು ಎಷ್ಟು ಸುಲಭವೆಂಬುದನ್ನು ನಮ್ಮ ವಾಚಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಉಳಿದುದು ಫೋನು. ಅದರೊಳಗೆ ಗುಟ್ಟಾಗಿ ಒಂದು ಆಪನ್ನು ಸೇರಿಸಿ, ತೆರೆಯ ಮೇಲೆ ಮೂಡುವುದನ್ನೆಲ್ಲ ಓದುವ ಉಪಾಯವಿದೆ. ಆದರೆ ಹೀಗೆ ತೆಗೆದ ಕಂಡಿಯಲ್ಲಿ ತಾಯ್ತಂದೆಯರೊಬ್ಬರೇ ಇಣುಕುವರೆಂಬ ಭರವಸೆಯಿಲ್ಲ. ೨೦೧೮ರಲ್ಲಿ ಟೀನ್‌ಸೇಫ್ ಎಂಬ ಇಂತಹ ಒಂದು ಅಮೆರಿಕದ ಆಪಿನ ದಾಖಲೆಗಳು ರಕ್ಷಣೆಯಿಲ್ಲದೆ ತೆರೆದು ಬಿದ್ದಿರುವುದನ್ನು ಭದ್ರತಾ ಸಂಶೋಧಕರು ಕಂಡರು. ಸಾವಿರಾರು ದಾಖಲೆಗಳಲ್ಲಿ ಮಕ್ಕಳ ಆಪಲ್ ಖಾತೆಗಳ ಪಾಸ್‌ವರ್ಡುಗಳು ಯಾವ ಗೂಢಲಿಪಿಯೂ ಇಲ್ಲದೆ ಇದ್ದುವು. ಮನೆಯನ್ನು ಕಾಯಲೆಂದು ಇಟ್ಟ ಯಂತ್ರವೇ ಮನೆಯ ಬಾಗಿಲನ್ನು ತೆರೆದಿಟ್ಟಂತಾಯಿತು.

ಇನ್ನೊಂದು ಮಾತು. ಯಂತ್ರಕ್ಕೆ ಹೊತ್ತನ್ನು ಎಣಿಸುವುದು ಸುಲಭ, ಅರ್ಥವನ್ನು ತಿಳಿಯುವುದು ಕಷ್ಟ. ಗಣಿತದ ಪಾಠವನ್ನು ಗೆಳತಿಯಿಂದ ಕೇಳಿ ತಿಳಿದುಕೊಂಡ ಒಂದು ಗಂಟೆಯೂ, ಅಪರಿಚಿತನೊಬ್ಬನ ಬಣ್ಣದ ಮಾತಿಗೆ ಸೋತ ಒಂದು ಗಂಟೆಯೂ ಅದರ ಲೆಕ್ಕದಲ್ಲಿ ಒಂದೇ.

ಸ್ವೀಡನ್ನಿನ ಒಂದು ಶೋಧನೆ

ಹಾಗಾದರೆ ತಾಯ್ತಂದೆಯರಿಗೆ ಮಕ್ಕಳ ವಿಷಯ ತಿಳಿಯುವುದಾದರೂ ಹೇಗೆ? ಇದಕ್ಕೆ ಉತ್ತರ ದೊರೆತುದು ಜಾಲತಾಣಗಳು ಹರಡುವುದಕ್ಕೂ ಮೊದಲು. ತಾಯ್ತಂದೆಯರ ನಿಗಾ ಹೆಚ್ಚಾಗಿರುವ ಮನೆಗಳಲ್ಲಿ ಮಕ್ಕಳು ದಾರಿತಪ್ಪುವುದು ಕಡಿಮೆ ಎಂದು ಅನೇಕ ಅಧ್ಯಯನಗಳು ಅಲ್ಲಿಯವರೆಗೆ ಹೇಳಿದ್ದುವು. ಸ್ವೀಡನ್ನಿನ ಓರೆಬ್ರೂ ವಿಶ್ವವಿದ್ಯಾನಿಲಯದ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ ಆ ಅಧ್ಯಯನಗಳ ಪ್ರಶ್ನಾವಳಿಗಳನ್ನೇ ಪರೀಕ್ಷಿಸಿದರು. ಅವುಗಳಲ್ಲಿ ಸಾಮಾನ್ಯವಾಗಿ ಕೇಳಿದ್ದುದು, “ನಿಮ್ಮ ಮಗು ಎಲ್ಲಿರುತ್ತದೆ, ಯಾರೊಡನೆ ಇರುತ್ತದೆ ಎಂಬುದು ನಿಮಗೆ ತಿಳಿದಿದೆಯೆ?” ಎಂಬ ಬಗೆಯ ಪ್ರಶ್ನೆ. ಎಂದರೆ, ಅವು ಅಳೆದುದು ತಾಯ್ತಂದೆಯರ ತಿಳಿವಳಿಕೆಯನ್ನು. ಹೆಸರಿಟ್ಟುದು ನಿಗಾ ಎಂದು. ಕೆರೆ ತುಂಬಿರುವುದನ್ನು ಕಂಡು ನೀರುಗಂಟಿಯನ್ನು ಹೊಗಳಿದಂತಾಯಿತು. ಮಳೆ ಎಷ್ಟು ಬಂದಿತೆಂದು ಯಾರೂ ಅಳೆದಿರಲಿಲ್ಲ.

ಸ್ಟಾಟಿನ್ ಮತ್ತು ಕೆರ್ ಹದಿನಾಲ್ಕು ವರ್ಷದ ೭೦೩ ಮಕ್ಕಳನ್ನೂ ಅವರ ತಾಯ್ತಂದೆಯರನ್ನೂ ವಿಚಾರಿಸಿ, ಈ ತಿಳಿವಳಿಕೆಯ ಮೂಲಗಳನ್ನು ಮೂರಾಗಿ ವಿಂಗಡಿಸಿದರು: ಮಗು ತಾನಾಗಿಯೇ ಹೇಳುವುದು, ತಾಯ್ತಂದೆಯರು ಕೇಳಿ ತಿಳಿಯುವುದು, ಅಪ್ಪಣೆ, ಕಟ್ಟುಪಾಡುಗಳ ಮೂಲಕ ತಿಳಿಯುವುದು. ೨೦೦೦ದಲ್ಲಿ ಪ್ರಕಟವಾದ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ತಿಳಿವಳಿಕೆಯ ಮುಖ್ಯ ಮೂಲ ಮೊದಲನೆಯದೇ ಆಗಿತ್ತು. ಮಕ್ಕಳು ದಾರಿತಪ್ಪದಿರುವುದಕ್ಕೂ ಅವರು ತಾವಾಗಿ ಹೇಳುವುದಕ್ಕೂ ಇದ್ದ ನಂಟು, ಕಟ್ಟುಪಾಡುಗಳಿಗೆ ಇರಲಿಲ್ಲ. ಎರಡು ವರ್ಷಗಳ ಅಂತರದಲ್ಲಿ ಮತ್ತೆ ವಿಚಾರಿಸಿ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸಮರ್ಥಿಸಿತು.

ಇಲ್ಲಿ ಎಚ್ಚರಿಕೆಯೂ ಅವಶ್ಯಕ. ಹೇಳಿಕೊಳ್ಳುವುದರಿಂದ ಮಕ್ಕಳು ಒಳ್ಳೆಯವರಾಗುತ್ತಾರೆಯೋ, ಮುಚ್ಚಿಡುವಂತಹುದು ಏನೂ ಇಲ್ಲದುದರಿಂದ ಹೇಳಿಕೊಳ್ಳುತ್ತಾರೆಯೋ ಎಂಬ ಸಂದೇಹ ನ್ಯಾಯವಾದುದೇ. ಕಟ್ಟುಪಾಡುಗಳಿಗೂ ಅವುಗಳದೇ ಆದ ಪ್ರಯೋಜನವಿದೆಯೆಂದು ವಾದಿಸುವ ವಿಜ್ಞಾನಿಗಳಿದ್ದಾರೆ. ಆದರೆ ಒಂದಂಶ ಸ್ಥಿರವಾಗಿದೆ: ಮಗುವಿನ ಬಾಯಿಂದ ಬರುವ ಸುದ್ದಿಗೆ ಸಮನಾದ ಕಾವಲುಗಾರ ಬೇರೊಬ್ಬನಿಲ್ಲ.

ಮೌನವೇ ಅಪಾಯ

ಈ ಅಂಶದ ಬೆಲೆ ತಿಳಿಯುವುದು ಆಪತ್ತಿನ ಕಾಲದಲ್ಲಿ. ಜಾಲತಾಣದಲ್ಲಿ ಅಪರಿಚಿತನೊಬ್ಬ ಗೆಳೆಯನಂತೆ ನಟಿಸಿ, ನಂಬಿಸಿ, ಖಾಸಗಿ ಚಿತ್ರವೊಂದನ್ನು ತರಿಸಿಕೊಳ್ಳುತ್ತಾನೆ. ಮರುದಿನವೇ ಅವನ ದನಿ ಬದಲಾಗುತ್ತದೆ: “ಹಣ ಕೊಡು, ಇಲ್ಲವಾದರೆ ಇದನ್ನು ಎಲ್ಲರಿಗೂ ಕಳುಹಿಸುತ್ತೇನೆ.” ಈ ವಂಚಕನ ಬಲವೆಲ್ಲ ಮಗುವಿನ ಮೌನದಲ್ಲಿದೆ. “ಅಪ್ಪನಿಗೆ ಹೇಳಿದರೆ ಫೋನನ್ನು ಕಿತ್ತುಕೊಳ್ಳುತ್ತಾರೆ, ಮಾನ ಹೋಗುತ್ತದೆ” ಎಂಬ ಭಯವೇ ಅವನ ಆಯುಧ. ಮಗು ಬಾಯಿ ಬಿಟ್ಟ ಗಳಿಗೆಯಲ್ಲಿ ಆ ಆಯುಧ ಅರ್ಧ ಮೊಂಡಾಗುತ್ತದೆ. ಗುಟ್ಟಾದ ಬೇಹುಗಾರಿಕೆಯ ನಿಜವಾದ ಕೇಡು ಇಲ್ಲಿದೆ. ಅದು ಎಂದಾದರೊಂದು ದಿನ ಬಯಲಾಗುತ್ತದೆ. ಬಯಲಾದ ಮೇಲೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಆಪಿನಿಂದ ದೊರೆತ ನಾಲ್ಕು ಸುದ್ದಿಗಳಿಗಾಗಿ ಸುದ್ದಿಯ ಊಟೆಯೇ ಬತ್ತಿದಂತಾಗುತ್ತದೆ.

ಹಾಗೆಂದು ಕಾವಲನ್ನೇ ತೊರೆಯಬೇಕೆಂದು ನಾವು ಹೇಳುವುದಿಲ್ಲ. ಈಜು ಕಲಿಸುವವರು ಮೊದಲು ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ. ಕಟ್ಟಿರುವುದು ಕಲಿಯುವವನಿಗೂ ಗೊತ್ತಿರುತ್ತದೆ. ಕೈಕಾಲು ಪಳಗಿದಂತೆ ಹಗ್ಗವನ್ನು ಸಡಿಲಿಸಿ ಕೊನೆಗೆ ಬಿಚ್ಚುತ್ತಾರೆ. ಫೋನಿನ ಕಾವಲಿಗೂ ಇದೇ ನಿಯಮ ಒಪ್ಪುತ್ತದೆ. ಹದಿಮೂರರ ಮಗುವಿಗೆ ರಾತ್ರಿಯ ಹೊತ್ತಿನ ಮಿತಿ, ಅಪರಿಚಿತರಿಗೆ ತೆರೆಯದ ಖಾತೆ ಇವು ತಿಳಿಸಿ ಮಾಡಿದ ಕಟ್ಟುಪಾಡುಗಳಾಗಿರಲಿ. ಹದಿನೇಳರವರಿಗೆ ಅವುಗಳಲ್ಲಿ ಬಹುಪಾಲು ಸಡಿಲವಾಗಲಿ. ನಡೆದ ತಪ್ಪನ್ನು ತಾನಾಗಿ ಹೇಳಿಕೊಂಡ ಮಗುವಿಗೆ ಅದಕ್ಕಾಗಿ ಶಿಕ್ಷೆಯಿಲ್ಲವೆಂಬ ಮಾತನ್ನು ಹಿರಿಯರು ಮೊದಲೇ ಕೊಟ್ಟು, ಕೊಟ್ಟ ಮೇಲೆ ನಡೆಸಲಿ.

ಸರಕಾರಗಳೂ ಈ ವಿಷಯಕ್ಕೆ ಕೈಹಾಕಿವೆ. ನಮ್ಮ ದೇಶದ ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ೧೮ ತುಂಬದವರ ವಿವರಗಳನ್ನು ಬಳಸಲು ತಾಯ್ತಂದೆಯರ ಒಪ್ಪಿಗೆ ಬೇಕೆನ್ನುತ್ತದೆ. ಆಸ್ಟ್ರೇಲಿಯದಲ್ಲಿ ೨೦೨೫ರ ಡಿಸೆಂಬರ್ ೧೦ರಿಂದ ೧೬ ತುಂಬದವರಿಗೆ ಪ್ರಮುಖ ಜಾಲತಾಣಗಳಲ್ಲಿ ಖಾತೆಯನ್ನು ನಿಷೇಧಿಸಿದ ಕಾನೂನು ಜಾರಿಗೆ ಬಂದಿತು. ಕಾಯಿದೆಗಳು ಬಾಗಿಲಿಗೆ ಅಗಳಿ ಹಾಕಬಲ್ಲುವು. ಮನೆಯೊಳಗಿನ ಮಾತನ್ನು ಅವು ಹುಟ್ಟಿಸಲಾರವು.

ಆ ಮಾತಿನಲ್ಲಿ ಅರ್ಧ ಪಾಲು ನಮ್ಮ ತರುಣ ವಾಚಕರದು. ಕಾವಲು ಸಡಿಲವಾಗಬೇಕೆಂಬ ನಿಮ್ಮ ಆಸೆ ನ್ಯಾಯವಾದುದು. ಅದಕ್ಕೆ ಹತ್ತಿರದ ದಾರಿಯೆಂದರೆ ಕೇಳುವುದಕ್ಕೆ ಮುಂಚೆ ಹೇಳುವುದು. ಇಂದು ಹೊಸದಾಗಿ ಪರಿಚಯವಾದವರು ಯಾರು, ಮನಸ್ಸನ್ನು ಕೆಡಿಸಿದ ಸಂದೇಶ ಯಾವುದು ಎಂಬ ಎರಡು ಮಾತು ಊಟದ ಹೊತ್ತಿನಲ್ಲಿ ಬಂದರೆ ಸಾಕು. ಮನೆಯಲ್ಲಿ ಹೇಳಲಾಗದಂತಹ ಸಂಕಟ ಒದಗಿದರೆ, ನಂಬಿಕೆಗೆ ಅರ್ಹರಾದ ಉಪಾಧ್ಯಾಯರಿದ್ದಾರೆ. ಮಕ್ಕಳ ಸಹಾಯವಾಣಿ ೧೦೯೮, ಸೈಬರ್ ಅಪರಾಧಗಳ ಸಹಾಯವಾಣಿ ೧೯೩೦ ಇವೆ. ಯಾರಿಗೆ ಹೇಳಿದರೂ ಸರಿಯೆ, ಒಬ್ಬರಿಗಾದರೂ ಹೇಳಬೇಕು. ಹಣವನ್ನು ಮಾತ್ರ ಕಳುಹಿಸಬಾರದು.