ಒಳ ಎತ್ತು, ಹೊರ ಎತ್ತು: ಕಾರಿಗೆ ಎಂಥ ಡಿಫರೆನ್ಷಿಯಲ್ ಬೇಕು?

ಅವಲಪಲ್ಲಿಯಲ್ಲಿ ನಮಗೆ ಬಹುಕಾಲದಿಂದ ಪರಿಚಯವಿರುವ ಒಂದು ಮನೆಯಿದೆ. ತಂದೆ ಬೇಸಾಯಗಾರರು, ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡಿರುವವರು. ಹಿರಿಯ ಮಗ ಕನ್ನಡ ಮಾಧ್ಯಮದಲ್ಲಿ ಓದಿ, ಐ.ಟಿ.ಐ. ಮುಗಿಸಿ, ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಕಿರಿಯವಳು ಎಂಟನೆಯ ತರಗತಿಯ ವಿದ್ಯಾರ್ಥಿನಿ. ಮಗ ಒಂದು ಹಳೆಯ ಕಾರನ್ನು ಕೊಂಡಿದ್ದಾನೆ. ಮೊನ್ನೆ ಆ ಮನೆಗೆ ಹೋದಾಗ ತಂದೆ ಕುರ್ಚಿ ಎಳೆದು ಕೂರಿಸಿ, ಕಾಫಿ ಬರುವ ಮೊದಲೇ ದೂರು ಒಪ್ಪಿಸಿದರು.

“ಮೇಷ್ಟ್ರೇ, ಇವನು ಕಾರಿನ ಹೊಟ್ಟೆಯೊಳಗೆ ಅದೇನೋ ಹಾಕಿಸ್ತೀನಿ ಅಂತಾನೆ. ವರ್ಷವೆಲ್ಲ ಕೂಡಿಟ್ಟ ದುಡ್ಡು. ನೀವೇ ಒಂದು ಮಾತು ಹೇಳಿ.”

ಮಗ ತಲೆ ತಗ್ಗಿಸಿ, ಆದರೆ ಸ್ಪಷ್ಟವಾಗಿಯೇ ಕೇಳಿದ: “ದಿನಾ ಕೆಲಸಕ್ಕೆ ಇದೇ ಕಾರು ಸಾರ್. ವರ್ಷಕ್ಕೆ ಒಂದೆರಡು ಸಲ ರೇಸ್ ಟ್ರ್ಯಾಕ್‌ಗೆ ತಗೊಂಡು ಹೋಗಬೇಕು ಅಂತ ಆಸೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿದರೆ ಎರಡಕ್ಕೂ ಆಗೋದು ಯಾವುದು?”

ಪ್ರಶ್ನೆ ಯೋಗ್ಯವಾದುದು. ಹಣದ ಮಾತಂತೂ ಇದ್ದೇ ಇದೆ. ಅದಕ್ಕಿಂತ ಹೆಚ್ಚಾಗಿ ಇದು ಪ್ರಾಣಕ್ಕೆ ಸಂಬಂಧಿಸಿದ ಮಾತು. ನಮ್ಮ ಭಾಗದ ಅನೇಕ ಮನೆಗಳಲ್ಲಿ ಇಂದು ಮಕ್ಕಳು ಕಾರಿನ ಮೇಲೆ ಆಸೆಯಿಟ್ಟಿದ್ದಾರೆ, ಹೆತ್ತವರು ಎದೆಯಲ್ಲಿ ಅಂಜಿಕೆಯಿಟ್ಟುಕೊಂಡಿದ್ದಾರೆ. ಆದುದರಿಂದ ಅಂದು ಅವರಿಗೆ ಹೇಳಿದುದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಬರೆಯುತ್ತಿದ್ದೇವೆ.

ಕಣದ ಪಾಠ

ಮೊದಲು ಡಿಫರೆನ್ಷಿಯಲ್ ಎಂದರೇನು ಎಂಬುದನ್ನು ತಿಳಿಯೋಣ. ಯಂತ್ರಗಳು ಬರುವ ಮೊದಲು ನಮ್ಮ ಹಿರಿಯರು ಕಣದ ನಡುವೆ ಮೇಟಿ ನೆಟ್ಟು, ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆ ತುಳಿಸುತ್ತಿದ್ದರು. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ಮೆಲ್ಲಗೆ ಹೆಜ್ಜೆಯಿಡುತ್ತದೆ. ಹೊರಗಿನ ಎತ್ತು ಬಿರಬಿರನೆ ನಡೆಯಬೇಕಾಗುತ್ತದೆ. ಎರಡೂ ಒಂದೇ ವೇಗದಲ್ಲಿ ನಡೆಯಬೇಕೆಂದು ಹಟ ಹಿಡಿದರೆ ಸಾಲು ಮುರಿಯುತ್ತದೆ.

ತಿರುವಿನಲ್ಲಿ ಕಾರಿನ ಎರಡು ಚಕ್ರಗಳ ಪಾಡೂ ಇದೇ. ಎಡ ಬಲ ಚಕ್ರಗಳ ನಡುವಿನ ಅಂತರ ಒಂದೂವರೆ ಮೀಟರ್ ಎಂದು ಇಟ್ಟುಕೊಂಡು, ಕಾರು ಒಂದು ಪೂರ್ಣ ಸುತ್ತು ಹಾಕಿದರೆ ಹೊರ ಚಕ್ರ ಎಷ್ಟು ಹೆಚ್ಚು ದೂರ ಓಡಬೇಕು? ಈ ಲೆಕ್ಕವನ್ನು ಕಿರಿಯವಳಿಗೆ ಕೊಟ್ಟೆವು. ಅವಳು ಪರಿಧಿಯ ಸೂತ್ರ ಬರೆದು, ಎರಡು ವೃತ್ತಗಳ ಪರಿಧಿಯ ವ್ಯತ್ಯಾಸ ತೆಗೆದು, 2 × 3.14 × 1.5 ಎಂದರೆ 9.42 ಮೀಟರ್ ಎಂದಳು. ಸುತ್ತು ಚಿಕ್ಕದಾದರೂ ದೊಡ್ಡದಾದರೂ ಉತ್ತರ ಅಷ್ಟೇ ಬರುತ್ತದೆ ಎಂಬುದನ್ನೂ ಅವಳೇ ಕಂಡುಕೊಂಡಳು. ಒಂದು ಲಂಬಕೋನದ ತಿರುವಿಗೆ ಇದರ ಕಾಲು ಭಾಗ, ಅಂದರೆ ಸುಮಾರು 2.36 ಮೀಟರ್. ನಮ್ಮ ಓದುಗರ ಮನೆಯ ಮಕ್ಕಳೂ ಇದನ್ನು ಮಾಡಿ ನೋಡಬಹುದು.

ಎತ್ತಿನ ಗಾಡಿಗೆ ಈ ತೊಡಕಿಲ್ಲ. ಅದರ ಅಚ್ಚು ತಿರುಗುವುದಿಲ್ಲ. ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಆದರೆ ಇಂಜಿನು ಚಕ್ರಗಳನ್ನೇ ತಿರುಗಿಸಬೇಕಾದಾಗ ಎರಡಕ್ಕೂ ಶಕ್ತಿ ಕೊಡಬೇಕು, ಎರಡರ ವೇಗವೂ ಬೇರೆಯಾಗಲು ಬಿಡಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವ ಗೇರುಗಳ ಜೋಡಣೆಯೇ ಡಿಫರೆನ್ಷಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ ಎಂಬ ಗಡಿಯಾರ ತಜ್ಞ 1820ರ ದಶಕದಲ್ಲಿಯೇ ಉಗಿಬಂಡಿಗೆಂದು ಇದರ ಹಕ್ಕುಪತ್ರ ಪಡೆದಿದ್ದ. ಇಂದು ಕಾರು, ಲಾರಿ, ಟ್ರ್ಯಾಕ್ಟರ್‌ಗಳಲ್ಲೆಲ್ಲ ಇದೇ ತತ್ತ್ವ ದುಡಿಯುತ್ತಿದೆ.

ಗುಣವೇ ದೋಷವಾಗುವ ಬಗೆ

ಸಾಧಾರಣ ಡಿಫರೆನ್ಷಿಯಲ್ ವೇಗವನ್ನು ಹಂಚುವುದರಲ್ಲಿ ಉದಾರಿ. ತಿರುಗುಬಲವನ್ನು ಹಂಚುವುದರಲ್ಲಿ ಮಾತ್ರ ಎರಡೂ ಕಡೆಗೆ ಸರಿಸಮ. ಒಂದು ಚಕ್ರ ಕೆಸರಿನಲ್ಲಿ ಸಿಕ್ಕಿ 100 ಪಾಲು ಬಲವನ್ನಷ್ಟೇ ನೆಲಕ್ಕೆ ಒಪ್ಪಿಸಬಲ್ಲುದಾದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ ಸಿಗುವುದು 100 ಪಾಲು ಮಾತ್ರ. ಒಟ್ಟು 200. ಕೆಸರಿನ ಚಕ್ರ ಸುಮ್ಮನೆ ಸುತ್ತುತ್ತದೆ, ಗಟ್ಟಿ ನೆಲದ ಚಕ್ರ ಕೈಕಟ್ಟಿ ನಿಲ್ಲುತ್ತದೆ.

ಇಷ್ಟು ಹೇಳುವಷ್ಟರಲ್ಲಿ ತಂದೆಯವರೇ ನಡುವೆ ಬಾಯಿ ಹಾಕಿದರು: “ಅದಕ್ಕೇ ಅಲ್ವಾ ಟ್ರ್ಯಾಕ್ಟರ್‌ನಲ್ಲಿ ಲಾಕ್ ಕೊಟ್ಟಿರೋದು? ಹಸಿ ಹೊಲದಲ್ಲಿ ಒಂದು ಚಕ್ರ ಸುತ್ತಿದರೆ ಪೆಡಲ್ ಒತ್ತೋದು. ಆಮೇಲೆ ತಿರುಗಿಸುವಾಗ ಬಿಟ್ಟುಬಿಡಬೇಕು.”

ಅವರ ಮಾತು ನಿಜ. ಲಾಕ್ ಒತ್ತಿದರೆ ಎರಡೂ ಚಕ್ರಗಳು ಒಂದಾಗಿ ತಿರುಗುತ್ತವೆ. ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಕ್ವಾರಿಗಳಂಥ ಕಡೆ ದುಡಿಯುವ ಭಾರೀ ಟಿಪ್ಪರ್‌ಗಳಿಗೂ ಇಂಥ ಲಾಕ್ ಇರುತ್ತದೆ. ಆದರೆ ಗಟ್ಟಿ ರಸ್ತೆಯಲ್ಲಿ ಲಾಕ್ ಹಾಕಿಕೊಂಡೇ ತಿರುಗಿಸಿದರೆ ವಾಹನ ನೆಟ್ಟಗೆ ಹೋಗಲು ಹವಣಿಸುತ್ತದೆ, ಟೈರು ಉಜ್ಜುತ್ತದೆ, ಆಕ್ಸಲ್ ಮುರಿಯುವುದೂ ಉಂಟು.

ಪೂರ್ತಿ ಬಿಟ್ಟರೆ ಒಂದು ಕಷ್ಟ, ಪೂರ್ತಿ ಕಟ್ಟಿದರೆ ಇನ್ನೊಂದು ಕಷ್ಟ. ಇವೆರಡರ ನಡುವಿನ ಹಾದಿಯೇ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಎಂದರೆ ಜಾರಿಕೆಗೆ ಮಿತಿಯಿಡುವ ಡಿಫರೆನ್ಷಿಯಲ್. ಇದರ ಅಗತ್ಯ ಮೊದಲು ತೀವ್ರವಾಗಿ ಕಂಡದ್ದು ಓಟದ ಕಣದಲ್ಲಿಯೇ. 1930ರ ದಶಕದಲ್ಲಿ ಫರ್ಡಿನೆಂಡ್ ಪೋರ್ಷೆ ಅವರು ವಿನ್ಯಾಸಗೊಳಿಸಿದ ಆಟೋ ಯೂನಿಯನ್ ರೇಸ್ ಕಾರುಗಳ ಶಕ್ತಿ ವಿಪರೀತವಾಗಿ, ಒಳಗಿನ ಚಕ್ರ ಸುತ್ತತೊಡಗಿತು. ಆಗ ಜರ್ಮನಿಯ ಜೆಡ್.ಎಫ್. ಸಂಸ್ಥೆ ಅದಕ್ಕೆ ಪರಿಹಾರವಾಗಿ ಇಂಥ ಡಿಫರೆನ್ಷಿಯಲ್ ಮಾಡಿಕೊಟ್ಟಿತು.

ಬಗೆಗಳು, ಅವುಗಳ ಸ್ವಭಾವ

ಕೊಳ್ಳುವವರ ಮುಂದೆ ಮುಖ್ಯವಾಗಿ ನಾಲ್ಕು ಬಗೆಗಳಿವೆ.

ಮೊದಲನೆಯದು ಕ್ಲಚ್ ಪ್ಲೇಟುಗಳ ಬಗೆ. ಒಳಗೆ ಒಂದರ ಮೇಲೊಂದು ಜೋಡಿಸಿದ ಪ್ಲೇಟುಗಳು ಒತ್ತಿಕೊಂಡು, ಎರಡು ಚಕ್ರಗಳ ವೇಗ ಬಹಳ ಬೇರೆಯಾಗದಂತೆ ತಡೆಯುತ್ತವೆ. ಮೊದಲೇ ಒತ್ತಡ ಕೊಟ್ಟು ಕೂರಿಸಿದ್ದರೆ ಒಂದು ಚಕ್ರ ಪೂರ್ತಿ ಗಾಳಿಯಲ್ಲಿದ್ದರೂ ಇದು ಕೆಲಸ ಮಾಡುತ್ತದೆ. ವೇಗ ಹೆಚ್ಚಿಸುವಾಗ ಮಾತ್ರ ಹಿಡಿಯುವುದು, ವೇಗ ತಗ್ಗಿಸುವಾಗಲೂ ಅಷ್ಟಿಷ್ಟು ಹಿಡಿಯುವುದು, ಎರಡರಲ್ಲೂ ಸಮನಾಗಿ ಹಿಡಿಯುವುದು ಎಂದು ಇದರಲ್ಲಿಯೇ ಒಳಭೇದಗಳಿವೆ. ರೇಸಿನವರಿಗೆ ಇದು ಪ್ರಿಯ. ಆದರೆ ಪ್ಲೇಟುಗಳು ಸವೆಯುತ್ತವೆ. ಆಗಾಗ ಬಿಚ್ಚಿ ಸರಿಪಡಿಸಬೇಕು. ವಿಶೇಷ ಎಣ್ಣೆ ಹಾಕಬೇಕು. ಗಟ್ಟಿಯಾಗಿ ಕೂರಿಸಿದ್ದರೆ ಸಂತೆಬೀದಿಯಲ್ಲಿ ಮೆಲ್ಲಗೆ ತಿರುಗಿಸುವಾಗ ಕಟಕಟ ಸದ್ದು, ಎಳೆದಾಟ. ವೇಗ ತಗ್ಗಿಸುವಾಗಲೂ ಬಲವಾಗಿ ಹಿಡಿಯುವಂಥದು ಎ.ಬಿ.ಎಸ್. ಮುಂತಾದ ಸುರಕ್ಷಾ ವ್ಯವಸ್ಥೆಗಳ ಕೆಲಸಕ್ಕೂ ಅಡ್ಡ ಬರಬಹುದು.

ಎರಡನೆಯದು ಓರೆ ಹಲ್ಲಿನ ಗೇರುಗಳ ಬಗೆ. ಅಮೆರಿಕದ ವರ್ನನ್ ಗ್ಲೀಸ್‌ಮನ್ ಹಕ್ಕುಪತ್ರ ಪಡೆದ ‘ಟಾರ್ಸೆನ್’ ಈ ಜಾತಿಯಲ್ಲಿ ಹೆಸರಾದುದು. ಬಲ ಹೆಚ್ಚಿದಂತೆ ಗೇರುಗಳು ತಮ್ಮ ಗೂಡಿನ ಗೋಡೆಗೆ ಒತ್ತಿಕೊಂಡು, ಹಿಡಿತವಿರುವ ಚಕ್ರಕ್ಕೆ ಹೆಚ್ಚು ಪಾಲು ಕೊಡುತ್ತವೆ. ಇದರ ಅನುಪಾತ ಎರಡೂವರೆ ಎಂದಿದ್ದರೆ, ಹಿಂದಿನ ಉದಾಹರಣೆಯಲ್ಲಿ ಕೆಸರಿನ ಚಕ್ರಕ್ಕೆ 100, ಗಟ್ಟಿ ನೆಲದ ಚಕ್ರಕ್ಕೆ 250, ಒಟ್ಟು 350 ಪಾಲು. ಸದ್ದಿಲ್ಲ, ಸವೆತ ಕಡಿಮೆ, ಸಾಮಾನ್ಯವಾಗಿ ಗೇರ್ ಪೆಟ್ಟಿಗೆಯ ಎಣ್ಣೆಯೇ ಸಾಕು. ಇದರ ದೌರ್ಬಲ್ಯ ಒಂದೇ: ಚಕ್ರ ಪೂರ್ತಿ ನೆಲ ಬಿಟ್ಟು ಎದ್ದರೆ ಸೊನ್ನೆಯ ಎರಡೂವರೆ ಪಟ್ಟು ಸೊನ್ನೆಯೇ.

ಮೂರನೆಯದು ಸಿಲಿಕೋನ್ ದ್ರವದ ಬಗೆ. ಇದು ಮೃದು, ಆದರೆ ನಿಧಾನಿ; ಚಕ್ರ ಜಾರಿದ ಮೇಲೆ ಎಚ್ಚರಗೊಳ್ಳುತ್ತದೆ.

ನಾಲ್ಕನೆಯದು ತಾನಾಗಿ ಬೀಳುವ ಲಾಕ್. ಮಹೀಂದ್ರಾ ಥಾರ್‌ನಂಥ ವಾಹನಗಳಲ್ಲಿ ಬಂದಿರುವ ಈಟನ್ ಸಂಸ್ಥೆಯ ಲಾಕ್ ಈ ವರ್ಗದ್ದು. ಒಂದು ಚಕ್ರ ಇನ್ನೊಂದಕ್ಕಿಂತ ಬಹಳ ವೇಗವಾಗಿ ಸುತ್ತಿದೊಡನೆ ಕಟ್ಟಿಹಾಕುತ್ತದೆ, ವಾಹನದ ವೇಗ ಏರಿದಾಗ ಕಟ್ಟಿಕೊಳ್ಳುವುದಿಲ್ಲ. ಕೆಸರು, ಕಲ್ಲು, ಹಳ್ಳದಿಂದ ಮೇಲೇಳಲು ಇದು ಒಳ್ಳೆಯದು. ರೇಸ್ ಟ್ರ್ಯಾಕಿಗೆ ಸಂಬಂಧಿಸಿದ್ದಲ್ಲ.

ಇವಲ್ಲದೆ, ಇಂದಿನ ಅನೇಕ ಕಾರುಗಳಲ್ಲಿ ಸುತ್ತುತ್ತಿರುವ ಚಕ್ರಕ್ಕೆ ಕಂಪ್ಯೂಟರೇ ಬ್ರೇಕ್ ಹಾಕಿ, ಬಲವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಇದು ನಿಜವಾದ ಲಿಮಿಟೆಡ್ ಸ್ಲಿಪ್ ಅಲ್ಲ; ದಿನಬಳಕೆಗೆ ಮಾತ್ರ ಬಹುಪಾಲು ಇದೇ ಸಾಕು. ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹಾಕಿದಾಗ ಬ್ರೇಕು ಕಾಯುತ್ತದೆ ಎಂಬುದು ಇದರ ಮಿತಿ.

ನಮ್ಮ ಸಲಹೆ

ಹುಡುಗನ ಕಾರು ಮುಂಚಕ್ರಗಳಿಂದ ಎಳೆಯುವ ಸಣ್ಣ ಕಾರು. ನಮ್ಮ ರಸ್ತೆಗಳಲ್ಲಿ ಓಡಾಡುವ ಬಹುತೇಕ ಸಣ್ಣ ಕಾರುಗಳು ಇಂಥವೇ. ತಿರುಗಿಸುವುದೂ ಎಳೆಯುವುದೂ ಅವೇ ಎರಡು ಚಕ್ರಗಳಾದುದರಿಂದ, ಗಟ್ಟಿಯಾದ ಪ್ಲೇಟಿನ ಬಗೆ ಹಾಕಿಸಿದರೆ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತದೆ. ದಿನವೂ ಕೆಲಸಕ್ಕೆ, ವರ್ಷಕ್ಕೆರಡು ದಿನ ಟ್ರ್ಯಾಕಿಗೆ ಎಂಬವರಿಗೆ ಓರೆ ಹಲ್ಲಿನ ಗೇರುಗಳ ಬಗೆಯೇ ತಕ್ಕುದು. ಪ್ಲೇಟಿನ ಬಗೆಯನ್ನು ಓಟಕ್ಕೆಂದೇ ಇಟ್ಟ ಕಾರಿಗೆ ಬಿಡುವುದು ಲೇಸು.

ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನನ್ನ ಕಾರಿಗೆ ಕೊರತೆ ಇರುವುದು ಹಿಡಿತದಲ್ಲೋ, ಹಿಡಿತದ ಹಂಚಿಕೆಯಲ್ಲೋ? ಡಿಫರೆನ್ಷಿಯಲ್ ಹಂಚಬಲ್ಲುದೇ ಹೊರತು ಹಿಡಿತವನ್ನು ಹುಟ್ಟಿಸಲಾರದು. ಹಿಡಿತ ಹುಟ್ಟುವುದು ಟೈರಿನಲ್ಲಿ. ಸವೆದ ಟೈರು, ಹಳೆಯ ಬ್ರೇಕ್ ಪ್ಯಾಡು, ಬಹುದಿನ ಬದಲಿಸದ ಬ್ರೇಕ್ ಎಣ್ಣೆ ಇವುಗಳನ್ನು ಹಾಗೆಯೇ ಬಿಟ್ಟು ಡಿಫರೆನ್ಷಿಯಲ್ ಹಾಕಿಸುವುದು, ತಳ ತೂತಾದ ಕೊಡಕ್ಕೆ ಬೆಳ್ಳಿಯ ಮುಚ್ಚಳ ಮಾಡಿಸಿದಂತೆ.

ಮಳೆಯಲ್ಲಿ ಇನ್ನೊಂದು ಎಚ್ಚರ ಬೇಕು. ಸಾಧಾರಣ ಡಿಫರೆನ್ಷಿಯಲ್ ಇದ್ದಾಗ ಒಂದು ಚಕ್ರ ಜಾರಿದರೂ ಇನ್ನೊಂದು ಕಾರನ್ನು ಪಕ್ಕಕ್ಕೆ ಸರಿಯದಂತೆ ಹಿಡಿದುಕೊಳ್ಳುತ್ತದೆ. ಲಿಮಿಟೆಡ್ ಸ್ಲಿಪ್ ಇದ್ದರೆ ಎರಡೂ ಒಟ್ಟಿಗೆ ಜಾರುವ ಸಂಭವವಿದೆ. ಹಿಂಚಕ್ರದಿಂದ ನಡೆಯುವ ವಾಹನದ ಬಾಲ ಆಗ ಬೀಸುತ್ತದೆ. ಅಂಚೆಟ್ಟಿಯ ಕಡೆಯ ತಿರುವುಗಳಲ್ಲಿ ಇದನ್ನು ಪರೀಕ್ಷಿಸಿ ಕಲಿಯುವುದಲ್ಲ.

ಹಾಕಿಸಿಕೊಂಡವರು ನೆನಪಿಡಬೇಕಾದ ಮಾತುಗಳೂ ಕೆಲವುಂಟು. ಒಂದೇ ಅಚ್ಚಿನ ಎರಡು ಚಕ್ರಗಳಿಗೆ ಒಂದೇ ಅಳತೆಯ, ಸಮನಾಗಿ ಸವೆದ ಟೈರುಗಳಿರಬೇಕು. ಇಲ್ಲದಿದ್ದರೆ ನೆಟ್ಟನೆಯ ರಸ್ತೆಯಲ್ಲೂ ಡಿಫರೆನ್ಷಿಯಲ್ ಪುರಸೊತ್ತಿಲ್ಲದೆ ದುಡಿದು ಸವೆಯುತ್ತದೆ. ಜ್ಯಾಕ್ ಹಾಕಿ ಒಂದೇ ಚಕ್ರ ಎತ್ತಿ, ಗೇರಿನಲ್ಲಿ ಇಂಜಿನು ಚಾಲೂ ಮಾಡುವುದನ್ನು ಎಂದಿಗೂ ಮಾಡಕೂಡದು. ನೆಲದ ಮೇಲಿರುವ ಚಕ್ರ ಎಳೆದು ಕಾರು ಜ್ಯಾಕಿನಿಂದ ಜಾರಿ ಮೈಮೇಲೆ ಬಂದೀತು. ಜೋಡಿಸುವ ಕೆಲಸಕ್ಕೆ ಗೇರ್ ಪೆಟ್ಟಿಗೆಯನ್ನೇ ಇಳಿಸಿ ಬಿಚ್ಚಬೇಕು. ಆದುದರಿಂದ ಸಾಮಾನಿನ ಬೆಲೆಯೊಂದನ್ನೇ ನೋಡದೆ, ಕೂಲಿಯನ್ನೂ ಕೈಪಳಗಿದ ಮೆಕ್ಯಾನಿಕ್‌ನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮಾರ್ಪಾಟಿಗೆ ಮಿತಿಗಳನ್ನು ಹಾಕಿದೆ. ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಮೊದಲೇ ವಿಚಾರಿಸಿ ಮುಂದುವರಿಯುವುದು ಒಳಿತು.

ವೇಗಕ್ಕೊಂದು ಜಾಗ

ತಂದೆಯವರ ನಿಜವಾದ ಅಂಜಿಕೆ ಯಂತ್ರದ್ದಲ್ಲ, ಹೆದ್ದಾರಿಯದು. ಹೊಸೂರಿನಿಂದ ಶೂಳಗಿರಿ, ಕೃಷ್ಣಗಿರಿಗಳ ಕಡೆ ಹೋಗುವ ಅಗಲವಾದ ರಸ್ತೆ ಯುವಕರ ಕಾಲನ್ನು ಕೆಣಕುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ಕಟ್ಟಿ ಓಡಿಸುವುದು ಅದೇ ಕಾಯ್ದೆಯ 189ನೆಯ ಕಲಮಿನ ಪ್ರಕಾರ ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಅದಕ್ಕಿಂತ ದೊಡ್ಡ ದಂಡವನ್ನು ತೆತ್ತ ಮನೆಗಳು ನಮ್ಮ ನಡುವೆ ಇವೆ.

ನಮ್ಮ ರಾಜ್ಯದಲ್ಲಿಯೇ ವೇಗಕ್ಕೆಂದು ಕಟ್ಟಿದ ಜಾಗಗಳಿವೆ: ಶ್ರೀಪೆರಂಬುದೂರಿನ ಬಳಿ ಇರುಂಗಾಟ್ಟುಕೋಟೆಯಲ್ಲಿ ಸುಮಾರು 3.7 ಕಿಲೋಮೀಟರಿನ ಮದ್ರಾಸು ರೇಸ್ ಟ್ರ್ಯಾಕು, ಕೊಯಮತ್ತೂರಿನ ಬಳಿ ಕರಿ ಮೋಟಾರ್ ಸ್ಪೀಡ್‌ವೇ. ಅಲ್ಲಿ ಎದುರಿನಿಂದ ಬಸ್ಸು ಬರುವುದಿಲ್ಲ, ಅಡ್ಡ ಹಸು ಬರುವುದಿಲ್ಲ, ಶಾಲೆ ಬಿಟ್ಟ ಮಕ್ಕಳು ದಾಟುವುದಿಲ್ಲ. ಆಸೆಯಿರುವವನು ಅಲ್ಲಿಗೆ ಹೋಗುತ್ತೇನೆಂದರೆ ಅದನ್ನು ಹೆತ್ತವರು ತಪ್ಪೆಂದು ತಿಳಿಯಬೇಕಾಗಿಲ್ಲ.

ಕಡೆಗೆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಕೂಡಿಟ್ಟ ಹಣದಲ್ಲಿ ಮೊದಲು ನಾಲ್ಕು ಒಳ್ಳೆಯ ಟೈರು, ಬ್ರೇಕ್ ಪ್ಯಾಡು, ಎಣ್ಣೆ. ಅವುಗಳೊಡನೆ ಒಂದು ದಿನ ಟ್ರ್ಯಾಕಿಗೆ. ಇಕ್ಕಟ್ಟಿನ ತಿರುವಿನಿಂದ ಹೊರಬರುವಾಗ ಒಳ ಚಕ್ರ ನಿಜಕ್ಕೂ ಸುತ್ತಿ ಶಕ್ತಿ ಪೋಲಾಗುತ್ತಿದೆಯೆಂದು ಕಂಡರೆ, ಆಗ ಓರೆ ಹಲ್ಲಿನ ಡಿಫರೆನ್ಷಿಯಲ್ಲಿನ ಮಾತು. ಕಾಣದಿದ್ದರೆ ಮಿಕ್ಕ ಹಣ ತಂಗಿಯ ಓದಿಗೆ.

ಹೊರಡುವಾಗ ತಂದೆಯವರು ಬಾಗಿಲವರೆಗೆ ಬಂದು ಹೇಳಿದರು: “ಹೊರಗಿನ ಎತ್ತು ಓಡಬೇಕು ನಿಜ ಮೇಷ್ಟ್ರೇ. ಆದರೆ ಹಗ್ಗ ಮೇಟಿಗೆ ಕಟ್ಟಿರಬೇಕು.” ಮಗ ನಕ್ಕ. ಅವನಿಗೆ ಅರ್ಥವಾಗಿತ್ತು.