ಟ್ರ್ಯಾಕ್ಟರ್ ಶೆಡ್ಡಿಗೆ ಎರಡು ಸಾಲು ಕಿಂಡಿ: ಕೆಳಗೊಂದು, ಮೇಲೊಂದು



ಏಪ್ರಿಲ್ ತಿಂಗಳಲ್ಲಿ ಒಂದು ದಿನ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿನ ಬಾಗಿಲು ತೆರೆದು ಒಳಗೆ ಕಾಲಿಟ್ಟು ನೋಡಿ. ಮುಖಕ್ಕೆ ಬಡಿಯುವ ಝಳದೊಂದಿಗೆ ಡೀಸೆಲ್ ವಾಸನೆಯೂ ಗೊಬ್ಬರದ ಘಾಟೂ ಬರುತ್ತವೆ. ರಾಯಚೂರು, ಕಲಬುರಗಿ ಕಡೆ ಹೊರಗಿನ ನೆರಳಿನಲ್ಲೇ 40 ಡಿಗ್ರಿ ಸೆಲ್ಷಿಯಸ್ ದಾಟುವ ದಿನಗಳಲ್ಲಿ, ಮುಚ್ಚಿದ ತಗಡಿನ ಶೆಡ್ಡಿನೊಳಗೆ ಅದಕ್ಕಿಂತಲೂ ಹೆಚ್ಚಿನ ಕಾವು ಇರುತ್ತದೆ.

ದನದ ಕೊಟ್ಟಿಗೆಗೆ ಗಾಳಿ, ಬೆಳಕು ಬೇಕೆಂದರೆ ಎಲ್ಲರೂ ಒಪ್ಪುತ್ತಾರೆ. ಟ್ರ್ಯಾಕ್ಟರು, ಟಿಲ್ಲರು ನಿಲ್ಲಿಸುವ ಮನೆಗೆ ಗಾಳಿ ಬೇಕೆಂದರೆ, “ಯಂತ್ರವೇನು ಉಸಿರಾಡುತ್ತದೆಯೇ?” ಎಂದು ಕೇಳುವವರುಂಟು. ಯಂತ್ರ ಉಸಿರಾಡುವುದಿಲ್ಲ, ನಿಜ. ಆದರೆ ಒಳಗೆ ಹೋಗುವ ನೀವು, ನಿಮ್ಮ ಮಕ್ಕಳು, ಕೆಲಸದ ಆಳುಗಳು ಉಸಿರಾಡುತ್ತೀರಿ. ಶೆಡ್ಡು ಮನೆಗೆ ಅಂಟಿಕೊಂಡಿದ್ದರೆ, ಗೋಡೆಯಾಚೆ ಮಲಗಿದವರೂ ಅದೇ ಗಾಳಿಯನ್ನು ಉಸಿರಾಡಬೇಕಾಗಬಹುದು.

ಕಾವಿನಿಂದ ಆಗುವ ನಷ್ಟ

ಮೊದಲು ಹಣದ ಲೆಕ್ಕ ನೋಡೋಣ. ಟ್ರ್ಯಾಕ್ಟರಿನ ಸೀಸ-ಆಮ್ಲದ ಬ್ಯಾಟರಿಗೆ ಸುಮಾರು 25 ಡಿಗ್ರಿ ಉಷ್ಣತೆ ಹಿತಕರ. ಅದರ ಮೇಲೆ ಸದಾ 10 ಡಿಗ್ರಿ ಹೆಚ್ಚು ಕಾವಿನಲ್ಲಿದ್ದರೆ ಬ್ಯಾಟರಿಯ ಬಾಳಿಕೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ನೀರೂ ಬೇಗ ಆರುತ್ತದೆ. ಟೈರು, ಬೆಲ್ಟು, ಹೋಸ್ ಪೈಪುಗಳ ರಬ್ಬರು ಬಿರುಕು ಬಿಡುತ್ತದೆ.

ಜಾಗವಿದೆಯೆಂದು ಶೆಡ್ಡಿನ ಮೂಲೆಯಲ್ಲಿ ಬಿತ್ತನೆ ಬೀಜದ ಚೀಲ ಇಡುವುದು ನಮ್ಮಲ್ಲಿ ರೂಢಿ. ಕಾವು ಮತ್ತು ತೇವ ಎರಡೂ ಮೊಳಕೆಯ ಶತ್ರುಗಳು. ರೈಜೋಬಿಯಂ, ಅಜೋಸ್ಪಿರಿಲಂನಂಥ ಜೈವಿಕ ಗೊಬ್ಬರದ ಪೊಟ್ಟಣಗಳಲ್ಲಿರುವುದು ಜೀವಾಣುಗಳು. ಅವು ಕಾವಿಗೆ ಸತ್ತರೆ ಹೊಲಕ್ಕೆ ಬೀಳುವುದು ಬರೀ ಪುಡಿ. ಮಳೆಗಾಲದಲ್ಲಿ ಗಾಳಿಯಾಡದ ಶೆಡ್ಡಿನೊಳಗೆ ಯೂರಿಯಾ ತೇವ ಹೀರಿ ಗಟ್ಟಿಯಾಗುತ್ತದೆ. ರಸಗೊಬ್ಬರದ ಧೂಳು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಮೂರು ಅನಿಲ, ಮೂರು ದಾರಿ

ಇನ್ನು ಪ್ರಾಣದ ಲೆಕ್ಕ. ಶೆಡ್ಡಿನಲ್ಲಿ ಮೂರು ಬಗೆಯ ಅಪಾಯಕಾರಿ ಅನಿಲಗಳು ಸೇರಬಹುದು. ಮೂರರ ನಡೆಯೂ ಬೇರೆ ಬೇರೆ.

ಒಂದನೆಯದು ಜಲಜನಕ. ಬ್ಯಾಟರಿಗೆ ಚಾರ್ಜು ಹಾಕುವಾಗ ಇದು ಹೊರಬರುತ್ತದೆ. ಗಾಳಿಗಿಂತ ಸುಮಾರು 14 ಪಟ್ಟು ಹಗುರವಾದುದರಿಂದ ನೇರವಾಗಿ ಮಾಡಿನ ಕೆಳಗೆ ಹೋಗಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸಿಡಿಯಬಲ್ಲದು.

ಎರಡನೆಯದು ಪೆಟ್ರೋಲಿನ ಆವಿ. ಕಳೆ ಕೊಚ್ಚುವ ಯಂತ್ರ, ಪವರ್ ಸ್ಪ್ರೇಯರು, ಮೋಟಾರ್ ಸೈಕಲ್ಲುಗಳ ಟ್ಯಾಂಕಿನಿಂದ ಇದು ಹೊರಡುತ್ತದೆ. ಗಾಳಿಗಿಂತ ಭಾರವಾದುದರಿಂದ ನೀರಿನಂತೆ ನೆಲದ ಮೇಲೆ ಹರಿಯುತ್ತದೆ. ತಗ್ಗಿನಲ್ಲಿ ನಿಲ್ಲುತ್ತದೆ, ಹೊಸ್ತಿಲು ದಾಟಿ ಅಡಿಗೆಮನೆಗೂ ಹೋಗಬಲ್ಲದು.

ಮೂರನೆಯದೇ ಎಲ್ಲಕ್ಕಿಂತ ಮೋಸದ್ದು: ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತೂಕ ಹೆಚ್ಚು ಕಡಿಮೆ ಗಾಳಿಯಷ್ಟೇ ಇರುವುದರಿಂದ ಕೋಣೆಯ ಗಾಳಿಯಲ್ಲೆಲ್ಲ ಬೆರೆತುಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗವನ್ನು ಇದು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ಆಮೇಲೆ ಮಂಪರು. ಮಂಪರು ಬಂದವನು ತಾನಾಗಿ ಎದ್ದು ಹೊರಗೆ ಬರಲಾರ.

ಹಿರಿಯರಿಗೆ ತಿಳಿದಿದ್ದ ಉಪಾಯ

ಬಿಸಿಗಾಳಿ ಮೇಲೇರುತ್ತದೆ, ಅದು ಹೊರಗೆ ಹೋದರೆ ಮಾತ್ರ ಕೆಳಗಿನಿಂದ ತಂಪುಗಾಳಿ ಒಳಗೆ ಬರುತ್ತದೆ. ಈ ಮಾತು ನಮ್ಮ ಹಿರಿಯರಿಗೆ ಹೊಸದಲ್ಲ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಮೇಲೆ ಬೆಳಕಿಂಡಿ ಬಿಡುತ್ತಿದ್ದರು. ಬೆಳಕು ಒಳಗೆ, ಹೊಗೆ ಹೊರಗೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚಿನ ಮಾಡಿನಲ್ಲಿಯೂ ಹೆಂಚು ಹೆಂಚಿನ ಸಂದಿನಿಂದ ಬಿಸಿಗಾಳಿ ನುಸುಳಿ ಹೋಗುತ್ತದೆ. ತಗಡು, ಸಿಮೆಂಟ್ ಶೀಟುಗಳು ಬಂದ ಮೇಲೆ ಮಾಡು ಬಿಗಿಯಾಯಿತು. ಕಳ್ಳರ ಭಯಕ್ಕೆ ಗೋಡೆಯಲ್ಲೂ ಕಿಂಡಿ ಬಿಡಲಿಲ್ಲ. ಶೆಡ್ಡು ಒಲೆಯಾಯಿತು.

ಕಿಂಡಿಯ ಲೆಕ್ಕ

ಹಲವರು ಒಂದೇ ಒಂದು ಕಿಟಕಿ ಇಟ್ಟು ಸಾಕೆನ್ನುತ್ತಾರೆ. ಸಾಲದು. ಗಾಳಿ ಬರಲು ಒಂದು ದಾರಿ, ಹೋಗಲು ಇನ್ನೊಂದು ದಾರಿ ಬೇಕು. ಬಯಲುಸೀಮೆಯಲ್ಲಿ ನೆಲದ ಅಳತೆಯ ಹತ್ತನೇ ಒಂದು ಪಾಲು ಕಿಂಡಿ ಇರಲಿ. ಕರಾವಳಿ, ಮಲೆನಾಡಿನ ತೇವದ ಸೀಮೆಯಲ್ಲಿ ಆರನೇ ಒಂದು ಪಾಲು ಇದ್ದರೆ ಒಳ್ಳೆಯದು.

12 ಅಡಿ ಅಗಲ, 20 ಅಡಿ ಉದ್ದದ ಶೆಡ್ಡಿನ ನೆಲ 240 ಚದರ ಅಡಿ. ಅದಕ್ಕೆ 24 ಚದರ ಅಡಿ ಕಿಂಡಿ ಬೇಕು. ಒಂದೂವರೆ ಅಡಿ ಅಗಲ, ಒಂದು ಅಡಿ ಎತ್ತರದ ಕಿಂಡಿಗಳನ್ನು ಮಾಡಿ. ಉದ್ದನೆಯ ಎರಡು ಗೋಡೆಗಳಲ್ಲಿ ತಲಾ ನಾಲ್ಕು ನೆಲದ ಹತ್ತಿರ, ತಲಾ ನಾಲ್ಕು ಮಾಡಿನ ಕೆಳಗೆ ಬರಲಿ. ಒಟ್ಟು ಹದಿನಾರು ಕಿಂಡಿ, 24 ಚದರ ಅಡಿ. ಮೇಲಿನ ಸಾಲಿನಿಂದ ಕಾವು ಮತ್ತು ಜಲಜನಕ ಹೊರಗೆ ಹೋಗುತ್ತವೆ. ಕೆಳಗಿನ ಸಾಲು ಪೆಟ್ರೋಲಿನ ಆವಿ ನೆಲದಲ್ಲಿ ನಿಲ್ಲದಂತೆ ನೋಡಿಕೊಳ್ಳುತ್ತದೆ.

ಕಿಂಡಿಗೆ ಕಬ್ಬಿಣದ ಸರಳು, ಅದರ ಮೇಲೆ ಸಣ್ಣ ಕಣ್ಣಿನ ಗಟ್ಟಿ ತಂತಿ ಜಾಲರಿ ಹಾಕಿದರೆ ಕಳ್ಳರು, ಇಲಿ, ಹಾವುಗಳ ಭಯವಿಲ್ಲ. ಮಳೆ ಇರಚಲು ತಡೆಯಲು ಮಾಡು ಎರಡು ಅಡಿಯಾದರೂ ಹೊರಚಾಚಿರಲಿ. ಶೆಡ್ಡು ಮನೆಗೆ ತಾಗಿದ್ದರೆ ಆ ನಡುಗೋಡೆಯಲ್ಲಿ ಮಾತ್ರ ಕಿಂಡಿ ಬೇಡ. ಅದನ್ನು ಮಾಡಿನವರೆಗೂ ಸಂದಿಲ್ಲದಂತೆ ಕಟ್ಟಿ, ಅಲ್ಲಿಗೆ ಸಲ್ಲಬೇಕಾದ ಕಿಂಡಿಗಳನ್ನು ಉಳಿದ ಗೋಡೆಗಳಿಗೆ ಹಂಚಿರಿ.

ಮಾಡಿನ ಬಿಸಿ ತಡೆಯಲು

ಸಿಮೆಂಟ್ ಶೀಟಿನ ಮಾಡಿಗೆ ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೆ ದಪ್ಪಗೆ ಎರಡು ಸಲ ಸುಣ್ಣ ಬಳಿಯಿರಿ. ಬಿಳುಪು ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಶೀಟಿನ ಮೇಲೆ ನೇರವಾಗಿ ಕಾಲಿಡದೆ ಹಲಗೆ ಹಾಸಿ ನಡೆಯಿರಿ. ಸತುವು ಲೇಪಿಸಿದ ತಗಡಿಗೆ ಸುಣ್ಣ ಹಿಡಿಯುವುದಿಲ್ಲ, ತಗಡಿಗೂ ಒಳ್ಳೆಯದಲ್ಲ. ಅದಕ್ಕೆ ಬಿಳಿ ಬಣ್ಣವೇ ಸರಿ. ಹಳೆಯ ಆಸ್ಬೆಸ್ಟಾಸ್ ಶೀಟನ್ನು ಕೊರೆಯುವುದು, ಕತ್ತರಿಸುವುದು, ಒಣಗಿದಂತೆಯೇ ಉಜ್ಜುವುದು ಬೇಡ. ಅದರ ಧೂಳು ಶ್ವಾಸಕೋಶಕ್ಕೆ ವಿಷ.

ನರ್ಸರಿಗೆ ಬಳಸುವ ನೆರಳು ಬಲೆಯನ್ನು ಮಾಡಿನಿಂದ ಒಂದು ಅಡಿ ಮೇಲೆ ಎಳೆದು ಕಟ್ಟಿದರೂ ಕಾವು ಇಳಿಯುತ್ತದೆ. ಒಣಹುಲ್ಲು, ತೆಂಗಿನ ಗರಿ ಹೊದಿಸಿದರೆ ತಂಪೇನೋ ಹೌದು. ಆದರೆ ಡೀಸೆಲ್ ಇರುವ ಶೆಡ್ಡಿನ ಮೇಲೆ ಅದು ಬೆಂಕಿಯನ್ನು ಕರೆದಂತೆ.

ಹೊಸದಾಗಿ ಕಟ್ಟುವವರು ಉದ್ದನೆಯ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖ ಮಾಡುವಂತೆ ಕಟ್ಟಿರಿ. ಸಂಜೆ ಬಿಸಿಲು ಬೀಳುವ ಪಶ್ಚಿಮಕ್ಕೆ ಬಾಗಿಲು ಬೇಡ. ಆ ಬದಿಗೆ ಸ್ವಲ್ಪ ದೂರದಲ್ಲಿ ಹೊಂಗೆಯೋ ಬೇವೋ ನೆಟ್ಟರೆ ಕೆಲವೇ ವರ್ಷಗಳಲ್ಲಿ ನೆರಳು ಕೊಡುತ್ತದೆ.

ಕಿಂಡಿ ಇದ್ದರೂ ಮರೆಯಬಾರದ್ದು

ಎಷ್ಟೇ ಕಿಂಡಿ ಇರಲಿ, ಓಡುವ ಎಂಜಿನ್ನಿನ ಹೊಗೆಗೆ ಅವು ಸಾಲವು. ಟ್ರ್ಯಾಕ್ಟರನ್ನು ಚಾಲೂ ಮಾಡಿದ ಕೂಡಲೇ ಹೊರಗೆ ತನ್ನಿರಿ. ರಿಪೇರಿಗೆ ಎಂಜಿನ್ ಓಡಿಸಬೇಕಾದರೆ ಅಂಗಳದಲ್ಲಿ ಓಡಿಸಿರಿ. ಮಳೆಯ ರಾತ್ರಿ ಕರೆಂಟು ಹೋಯಿತೆಂದು ಜನರೇಟರನ್ನು ಶೆಡ್ಡಿನೊಳಗೆ ಹಚ್ಚಿ ಬಾಗಿಲು ಹಾಕುವುದು ಸಾವಿಗೆ ಬಾಗಿಲು ತೆಗೆದಂತೆ. ಅದು ಹೊರಗೆ, ಮನೆಯ ಬಾಗಿಲು ಕಿಟಕಿಗಳಿಂದ ದೂರದಲ್ಲಿ, ಮಳೆ ತಾಗದ ಮರೆಯಲ್ಲಿರಲಿ.

ಒಳಗೆ ಯಾರಾದರೂ ಬಿದ್ದಿದ್ದರೆ ಮೊದಲು ಬಾಗಿಲನ್ನು ಪೂರ್ತಿ ತೆರೆಯಿರಿ. ಎಂಜಿನ್ ನಿಲ್ಲಿಸಿ, ಅವರನ್ನು ಬಯಲಿಗೆ ಎಳೆದು ತಂದು ತಡಮಾಡದೆ ಆಸ್ಪತ್ರೆಗೆ ಸಾಗಿಸಿರಿ. ಹೊಗೆಯೊಳಗೆ ಹೆಚ್ಚು ಹೊತ್ತು ನೀವೂ ನಿಲ್ಲಬೇಡಿ.

ಬ್ಯಾಟರಿಗೆ ಚಾರ್ಜು ಹಾಕುವಾಗ ಬೀಡಿ, ಬೆಂಕಿಕಡ್ಡಿ ದೂರವಿರಲಿ. ಕೀಟನಾಶಕಗಳಿಗೆ ಬೀಗವಿರುವ ಬೇರೆ ಕಪಾಟು ಇರಲಿ. ಬೀಜಕ್ಕೆ ಶೆಡ್ಡು ಬೇಡವೇ ಬೇಡ.

ಕೆಲಸ ಮುಗಿದ ಮೇಲೆ ಗಾಳಿಯಾಡುತ್ತಿದೆಯೋ ಇಲ್ಲವೋ ಎಂದು ನೋಡಲು ಊದುಬತ್ತಿ ಹಚ್ಚಬೇಡಿ. ಕೆಳಗಿನ ಕಿಂಡಿಗೊಂದು, ಮೇಲಿನ ಕಿಂಡಿಗೊಂದು ಹತ್ತಿಯ ಎಳೆ ಕಟ್ಟಿರಿ. ಹೊರಗೆ ಗಾಳಿ ಬೀಸದ ಹೊತ್ತಿನಲ್ಲಿ ಕೆಳಗಿನ ಎಳೆ ಒಳಕ್ಕೆ, ಮೇಲಿನ ಎಳೆ ಹೊರಕ್ಕೆ ಬಾಗಿದರೆ ನಿಮ್ಮ ಶೆಡ್ಡು ಸರಿಯಾಗಿ ಉಸಿರಾಡುತ್ತಿದೆ ಎಂದು ತಿಳಿಯಿರಿ. ಎರಡೂ ಅಲ್ಲಾಡದಿದ್ದರೆ, ಬರುವ ಬೇಸಿಗೆಗೆ ಮುನ್ನ ಇನ್ನೆರಡು ಕಿಂಡಿ ತೆಗೆಸಿರಿ.